ಹಿತ್ತಿಲ ಪ್ರಶ್ನೋತ್ತರ: ಬೀಜದಿಂದ ದೈತ್ಯ ಹೂಗಿಡಗಳು

ಪ್ರಶ್ನೆ: ಪರಿಚಯದವರು ಟೈಟಾನ್ ಆರಮ್‌ನ (ಇಂಡೋನೇಷ್ಯಾದ ಸುಮಾತ್ರಾ ಕಾಡಿನ, ಹೆಣದ ವಾಸನೆಯ ದೈತ್ಯ ಹೂ ಬಿಡುವ ಗೆಡ್ಡೆಗಿಡ) ಆರು ಬೀಜ ಕೊಟ್ಟಿದ್ದಾರೆ. ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ಅಂಗಳದಲ್ಲೇ ಹಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಳೆಗೆ ಕಾಯಬೇಡಿ, ಇವತ್ತೇ ಕುಂಡಕ್ಕೆ ಹಾಕಿ. ಹಲಸಿನ ಬೀಜದಂತೆ ಇದೂ ಒಣಗಿದರೆ ಸಾಯುತ್ತದೆ, ಕಾಗದವೋ ಅದರ ಪಸೆಯನ್ನೆಲ್ಲ ಹೀರುತ್ತದೆ. ಒತ್ತಿ ನೋಡಿ. ಗಟ್ಟಿಯಾಗಿ, ಕೈಗೆ ತೂಕವಾಗಿದ್ದರೆ ಜೀವವಿದೆ. ಸುಕ್ಕಾಗಿ ಹಗುರಾಗಿದ್ದರೆ, ಇಲ್ಲವೇ ಬೆರಳಿಗೆ ಮೆತ್ತಗೆ ಸಿಕ್ಕರೆ ಆಸೆ ಬಿಡಿ.

ಕಿತ್ತಳೆಗೆಂಪು ತಿರುಳು ಅಂಟಿಕೊಂಡಿದ್ದರೆ ಪೂರ್ತಿ ಉಜ್ಜಿ ತೊಳೆಯಿರಿ. ಅದು ಮೊಳಕೆಯನ್ನು ತಡೆಯುತ್ತದೆ, ಬೂಷ್ಟನ್ನೂ ತರುತ್ತದೆ. ಕೈಗೆ ಗ್ಲೌಸ್ ಇರಲಿ. ಇದು ಸುವರ್ಣಗೆಡ್ಡೆಯದೇ ಕುಲ, ತುರಿಕೆ ತರುವ ಆಕ್ಸಲೇಟ್ ಹರಳು ಇದರಲ್ಲೂ ಇದೆ.

ಎರಡು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಹೊಯ್ಗೆ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ಇದ್ದಿಲ ಚೂರು ಕಲಸಿ. ಕೊಟ್ಟಿಗೆ ಗೊಬ್ಬರ ಈಗ ಬೇಡ. ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ತೊಟ್ಟಿಕ್ಕಬೇಕು. ಧಾರೆಯಾಗಿ ಇಳಿದರೆ ನೀರು ಹೆಚ್ಚಾಯಿತು. ಆರಿಂಚಿನ ಕುಂಡಕ್ಕೆ ಒಂದೇ ಬೀಜ, ಅಡ್ಡಲಾಗಿ ಮಲಗಿಸಿ, ಮೇಲೆ 2 ಸೆಂಟಿಮೀಟರ್ ಮಣ್ಣು.

ಆಮೇಲಿನದೆಲ್ಲ ಶಾಖದ ಕೆಲಸ: 26ರಿಂದ 30 ಡಿಗ್ರಿ. ಬಚ್ಚಲೊಲೆಯ ಹಿಂಬದಿಯ ಗೋಡೆ ಹದವಾಗಿ ಬೆಚ್ಚಗಿದ್ದರೆ ಕುಂಡಗಳನ್ನು ಅದರ ಪಕ್ಕಕ್ಕಿಡಿ, ಆದರೆ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. ಮೊಳೆಯಲು ಕೆಲವು ವಾರವೂ ಆಗಬಹುದು, ಮೂರ್ನಾಲ್ಕು ತಿಂಗಳೂ ಹಿಡಿಯಬಹುದು. ಮಣ್ಣಿನೊಳಗೆ ಪುಟ್ಟ ಗೆಡ್ಡೆ ಕಟ್ಟುತ್ತಾ ಬಂದ ಮೇಲೆ ಒಂದೇ ಒಂದು ಎಲೆ ಮೇಲೇಳುತ್ತದೆ. ನಡುವೆ ಕೆದಕಿ ನೋಡಿದರೆ ಎಳೆ ಬೇರು ಮುರಿಯುತ್ತದೆ.

ಆನ್‌ಲೈನಿನಲ್ಲಿ ಒಣ ಬೀಜದ ಪಾಕೆಟ್ ಕಂಡರೆ ದುಡ್ಡು ಹಾಕಬೇಡಿ. ಹೊರದೇಶದಿಂದ ತರಿಸುವುದಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ಪ್ರಶ್ನೆ: ಎರಡು ವರ್ಷದ ಟೈಟಾನ್ ಗಿಡ. ಆರಿದ್ರಾ ಮಳೆಯಲ್ಲಿ ಎಲೆ ಹಳದಿಯಾಗಿ ಬಿದ್ದುಹೋಯಿತು. ಗೊಬ್ಬರ ಕೊಟ್ಟರೂ ಏಳುತ್ತಿಲ್ಲ. ಸುಮಾತ್ರಾದಲ್ಲೂ ಮಳೆ ಜೋರಲ್ಲವೇ?
– ಓದುಗರು, ಸಾಗರ

ಉತ್ತರ: ಗೊಬ್ಬರ, ನೀರು ಎರಡನ್ನೂ ನಿಲ್ಲಿಸಿ, ಕುಂಡವನ್ನು ಮಾಡಿನ ಕೆಳಗೆ ತನ್ನಿ. ಎಲೆ ಬಿದ್ದ ಮೇಲೆ ಈ ಗೆಡ್ಡೆ ಮೂರರಿಂದ ಆರು ತಿಂಗಳು ಮಲಗುವುದು ಸಹಜ. ಮಲಗಿದ ಗೆಡ್ಡೆಗೆ ಬೇರೂ ಇರುವುದಿಲ್ಲ, ಕೊಟ್ಟ ನೀರೆಲ್ಲ ಸುತ್ತಲೇ ನಿಂತು ಅದನ್ನೇ ಕೊಳೆಸುತ್ತದೆ.

ಸುಮಾತ್ರಾದಲ್ಲಿ ಇದರ ನೆಲೆ ಕಾಡಿನ ಇಳಿಜಾರು. ಮಳೆ ಬಿದ್ದಷ್ಟೂ ಬಸಿದುಹೋಗುತ್ತದೆ, ವರ್ಷವಿಡೀ ಬೆಚ್ಚಗೇ ಇರುತ್ತದೆ. ನಮ್ಮಲ್ಲಿ ಜಡಿಮಳೆಯ ಜೊತೆಗೇ ತಣ್ಣನೆಯ ಮಣ್ಣು. 18 ಡಿಗ್ರಿಗಿಂತ ಕೆಳಗಿಳಿದು ಮಣ್ಣೂ ಒದ್ದೆಯಿದ್ದರೆ ಕೊಳೆ ಹತ್ತಿತೆಂದೇ ತಿಳಿಯಿರಿ.

ಗೆಡ್ಡೆಯನ್ನು ಮೆಲ್ಲಗೆ ಬಿಡಿಸಿ ಮೂಸಿ ನೋಡಿ. ಹುಳಿ ನಾತ ಬಂದರೆ ಕಂದಿದ ಭಾಗವನ್ನು ಚೊಕ್ಕ ತಿರುಳು ಸಿಗುವವರೆಗೆ ಹರಿತವಾದ ಚಾಕುವಿನಿಂದ ಕೆತ್ತಿ, ಗಂಧಕದ ಪುಡಿ ಹಚ್ಚಿ, ಎರಡು ಮೂರು ದಿನ ನೆರಳಿನಲ್ಲಿ ಆರಿಸಿ ಹೊಸ ಮಣ್ಣಿಗೆ ಹಾಕಿ. ಉಳಿದ ಹಳೆಯ ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳದ ಕಾಟ, ಹಳೆಯ ಮಣ್ಣನ್ನು ಬೇರೆ ಯಾವ ಗಿಡಕ್ಕೂ ಬಳಸಬೇಡಿ.

ಮತ್ತೆ ನೆಡುವಾಗ ಬಹಳ ಜನ ಎಡವುವುದು ಆಳದ ವಿಷಯದಲ್ಲಿ. ಹೊಸ ಬೇರುಗಳು ಹೊರಡುವುದು ಗೆಡ್ಡೆಯ ಬುಡದಿಂದಲ್ಲ, ಮೇಲ್ಭಾಗದಲ್ಲಿ ಮೊಗ್ಗಿನ ಸುತ್ತಲಿಂದ. ಆದ್ದರಿಂದ ಗೆಡ್ಡೆಯ ಮೇಲೆ ಅದರ ಎತ್ತರದಷ್ಟಾದರೂ ಮಣ್ಣಿರಬೇಕು. ಮೇಲ್ಮೇಲೆ ನೆಟ್ಟರೆ ಬೇರು ಒಣಗುತ್ತದೆ, ಎಲೆ ಎದ್ದರೂ ವಾಲಿ ಬೀಳುತ್ತದೆ. ಮೊಗ್ಗು ಉಬ್ಬಿದಾಗ ಸ್ವಲ್ಪ ನೀರು, ಎಲೆ ಬಿಚ್ಚಿದ ಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರಿಗೆ 1 ಗ್ರಾಂನಂತೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವುದು).

ಹೂವಿಗೆ ಬೀಜದಿಂದ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ವರ್ಷ ಲೆಕ್ಕ ಹಾಕುವುದಕ್ಕಿಂತ ಪ್ರತಿ ಸಲ ಮಣ್ಣು ಬದಲಿಸುವಾಗ ಗೆಡ್ಡೆಯನ್ನು ತೂಗಿ ಬರೆದಿಡಿ. ಹಿಂದಿನ ಸಲಕ್ಕಿಂತ ತೂಕ ಇಳಿದಿದ್ದರೆ ಬೆಳಕೋ ಗೊಬ್ಬರವೋ ಸಾಲುತ್ತಿಲ್ಲ. ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಒಂದು ಗೆಡ್ಡೆ 153.9 ಕಿಲೋ ತೂಗಿದ್ದುಂಟು.

ಪ್ರಶ್ನೆ: ತೋಟದಂಚಿನಲ್ಲಿ ಮೊದಲ ಮಳೆಗೆ ನೇರಳೆ ಬಣ್ಣದ ದೊಡ್ಡ ಹೂವೊಂದು ನೆಲದಿಂದೆದ್ದಿದೆ. ಹೆಣದ ವಾಸನೆ. ಇದೂ ಟೈಟಾನ್ ಇರಬಹುದೇ?
– ಓದುಗರು, ಹೊಸನಗರ

ಉತ್ತರ: ಅಲ್ಲ, ಅದು ಸುವರ್ಣಗೆಡ್ಡೆಯ ಹೂ. ನೆಲಕ್ಕಂಟಿದಂತೆ ಕೂತು, ನಡುವೆ ಸುಕ್ಕುಸುಕ್ಕಾದ ಗುಮ್ಮಟ ಇರುತ್ತದೆ. ಟೈಟಾನ್ ಹೂವಿನ ಕೋಡು ಎರಡು ಮೂರು ಮೀಟರ್ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ. ಎಲೆ ಬಂದಾಗ ದಂಟು ಮುಟ್ಟಿದರೂ ಗೊತ್ತಾಗುತ್ತದೆ: ಸುವರ್ಣಗೆಡ್ಡೆಯದು ಒರಟು, ಟೈಟಾನ್‌ನದು ನಯ. ಹೂ ಕೀಳಬೇಡಿ. ಕೆಂಪು ಹಣ್ಣು ಕಟ್ಟಿದರೆ ಮೇಲೆ ಹೇಳಿದ ಕ್ರಮದಲ್ಲೇ ಬಿತ್ತಿ. ದುಬಾರಿ ಬೀಜಕ್ಕೆ ಕೈ ಹಾಕುವ ಮೊದಲು ಕೈ ಪಳಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪ್ರಶ್ನೆ: ಶ್ರೀತಾಳೆ (ತಾಳೆ ಜಾತಿಯ ದೈತ್ಯ ಮರ) ಬೀಜಗಳನ್ನು ಅಡಿಕೆ ಸಸಿಯ ಪಾಕೆಟಿಗೆ ಹಾಕಿ ಮೂರು ತಿಂಗಳಾಯಿತು. ಎಲೆ ಬಂದಿಲ್ಲ. ಕೆದಕಿದರೆ ಬೀಜದಿಂದ ಬಿಳಿ ಕೊಳವೆಯಂಥದ್ದು ಕೆಳಗಿಳಿದಿದೆ.
– ಓದುಗರು, ಶೃಂಗೇರಿ

ಉತ್ತರ: ಅದೇ ಮೊಳಕೆ. ಶ್ರೀತಾಳೆ ಮೊದಲು ಆಳಕ್ಕಿಳಿಯುತ್ತದೆ, ಎಲೆ ಹುಟ್ಟುವುದು ಆ ಕೊಳವೆಯ ತುದಿಯಿಂದ. ಅಡಿಕೆ ಪಾಕೆಟಿನಲ್ಲಿ ತುದಿ ತಳಕ್ಕೆ ತಾಗಿ ಡೊಂಕಾಗುತ್ತದೆ. ಮೊಳೆತವನ್ನು ಮಣ್ಣಿನ ಹೆಂಟೆ ಒಡೆಯದಂತೆ ಹದಿನೆಂಟು ಇಂಚು ಆಳದ ಗ್ರೋಬ್ಯಾಗಿಗೆ ಇಳಿಸಿ. ಉಳಿದ ಬೀಜಗಳ ಸಿಪ್ಪೆ ತೆಗೆದು, ದಿನಾ ನೀರು ಬದಲಿಸುತ್ತಾ ನಾಲ್ಕೈದು ದಿನ ನೆನೆಸಿ, ಬೆಳೆಯಬೇಕಾದ ಜಾಗದಲ್ಲೇ ಊರುವುದು ಉತ್ತಮ. ಕಿತ್ತು ನೆಟ್ಟ ಸಸಿ ಬದುಕುವುದು ಕಷ್ಟ.

ಜಾಗ ನೋಡಿ ಆರಿಸಿ. ಎಲೆಯೇ ಐದು ಮೀಟರ್ ಅಗಲಕ್ಕೆ ಹರಡಬಲ್ಲದು, ಒಣಗಿ ಬಿದ್ದರೆ ಅಡಿಯ ಅಡಿಕೆ ಮರ ಮುರಿದೀತು. ಮನೆ, ಕರೆಂಟು ತಂತಿಯಿಂದ ದೂರವಿರಲಿ. ಮೂವತ್ತರಿಂದ ಎಂಬತ್ತು ವರ್ಷದೊಳಗೆ ಒಂದೇ ಸಲ, ನೆತ್ತಿಯ ಮೇಲೆ ಆರೆಂಟು ಮೀಟರಿನ ಹೂಗೊಂಚಲು ಬಿಟ್ಟು, ಕಾಯಿ ಬಲಿಯಲು ಸುಮಾರು ಒಂದು ವರ್ಷ ತೆಗೆದುಕೊಂಡು ಮರ ಸಾಯುತ್ತದೆ. ಹಾಗಾಗಿ ಕೈಗೆ ಸಿಕ್ಕ ಬೀಜಗಳಲ್ಲಿ ನಿಮಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕಿದ್ದನ್ನು ಒಣಗುವ ಮೊದಲೇ ಜಾಗವಿರುವವರಿಗೆ ಹಂಚಿ.