ಕುರ್ಚಿ ಕವಿಯನ್ನು ನುಂಗಿತೇ?

ಶಿರಸಿ ಕಡೆಯ ಓದುಗರೊಬ್ಬರು ಸಿಟ್ಟಿನ ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ, ಕವಿಯಾಗಿದ್ದು ಆಮೇಲೆ ಅಧಿಕಾರದ ಕುರ್ಚಿ ಏರಿದ ಕ್ರೊಯೇಷಿಯಾದ ಇವಾನ್ ಮಾಝುರಾನಿಚ್ ಬಗ್ಗೆ ನಾವು ಹಾಕಿದ್ದ ಪುಟ್ಟ ಟಿಪ್ಪಣಿ ಅವರಿಗೆ ಹಿಡಿಸಿಲ್ಲ. ‘1846ರಲ್ಲಿ ಅಂಥ ಕಾವ್ಯ ಬರೆದವನು 1890ರವರೆಗೆ ಬದುಕಿದ. ಇನ್ನೊಂದು ದೊಡ್ಡ ಕಾವ್ಯ ಬರೆಯಲಿಲ್ಲ. ಕುರ್ಚಿ ಅವನನ್ನು ನುಂಗಿತು. ಕವಿಗಳಿಗೆ ಸರ್ಕಾರದ ಸಹವಾಸ ಯಾಕೆ?’ ಇದು ಅವರ ತಕರಾರು.

ಮಿತ್ರರೇ, ನಿಮ್ಮ ಲೆಕ್ಕ ಸರಿ. ನಲವತ್ತನಾಲ್ಕು ವರ್ಷದ ಮೌನ ಸಣ್ಣದೇನಲ್ಲ. ಕುರ್ಚಿಗೆ ಹೋಗಿ ಹಾಳಾದ ಕವಿಗಳೂ ಬೇಕಾದಷ್ಟು ಇದ್ದಾರೆ, ಅವರ ಹೆಸರು ಹೇಳಿ ನಾನು ಜಗಳ ತಂದುಕೊಳ್ಳೋದಿಲ್ಲ.

ಆದರೆ ಆ ಕಾವ್ಯ ಯಾವುದರ ಬಗ್ಗೆ ಅಂತ ಒಮ್ಮೆ ನೋಡಿ. ಹೆಸರು ‘ಸ್ಮಾಯಿಲ್ ಆಗಾ ಚೆಂಗಿಚ್‌ನ ಸಾವು’. ಈ ಆಗಾ ನಿಜವಾಗಿ ಇದ್ದ ಒಟ್ಟೋಮನ್ ಅಧಿಕಾರಿ, 1840ರಲ್ಲಿ ಮಾಂಟೆನೆಗ್ರೊದವರ ಕೈಯಲ್ಲಿ ಸತ್ತ. ಕಾವ್ಯದಲ್ಲಿ ಅವನೇ ಕಂದಾಯ ವಸೂಲಿ ಮಾಡುವವನು, ಅವನೇ ನ್ಯಾಯಾಧೀಶ, ಗಲ್ಲಿಗೇರಿಸುವವನೂ ಅವನೇ. ಸೆರೆಯಾಳುಗಳನ್ನು ಬಿಟ್ಟುಬಿಡು ಅಂತ ಬುದ್ಧಿ ಹೇಳಿದ ಮುದುಕ ದುರಾಕ್‌ಗೂ ನೇಣು. ಕೊಡಲು ಏನೂ ಇಲ್ಲದ ಬಡ ರೈತರನ್ನು ಕಂದಾಯಕ್ಕಾಗಿ ಹಿಂಸಿಸುವ ಭಾಗ ಓದುವಾಗ ಹೊಟ್ಟೆ ತೊಳಸುತ್ತದೆ. ಕೊನೆಯಲ್ಲಿ ಆಗಾ ಒಂದು ಗೊಂಬೆಯಾಗಿ ಗುಡಿಸಲೊಂದರಲ್ಲಿ ನಿಂತಿರುತ್ತಾನೆ. ನೆಲಕ್ಕೆ ಕಾಲು ಅಪ್ಪಳಿಸಿದರೆ ಸಾಕು, ಎದೆಯ ಮೇಲೆ ಕೈ ಕಟ್ಟಿ ತಲೆ ಬಾಗಿಸುತ್ತಾನೆ!

ಈಗ ಇದೇ ಮನುಷ್ಯ 1873ರಲ್ಲಿ ಕ್ರೊಯೇಷಿಯಾದ ‘ಬಾನ್’ ಆದ. ಬಾನ್ ಅಂದರೆ ಅಲ್ಲಿನ ಆಡಳಿತದ ಮುಖ್ಯಸ್ಥ. ಅಲ್ಲಿಯವರೆಗೆ ಆ ಜಾಗ ದೊಡ್ಡ ಮನೆತನದವರಿಗೇ ಮೀಸಲಾಗಿತ್ತು. ನೋವಿ ವಿನೋದೊಲ್ಸ್ಕಿ ಎಂಬ ಕಡಲೂರಿನ ಈ ಸಾಮಾನ್ಯರ ಮನೆಯ ಹುಡುಗನನ್ನು ಜನ ‘ಪ್ರಜೆಗಳ ಬಾನ್’ ಅಂತಲೇ ಕರೆದರು. ಬಂದವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ನ್ಯಾಯಾಲಯವನ್ನು ಆಡಳಿತದಿಂದ ಬೇರೆ ಮಾಡಿದ್ದು. ಕಂದಾಯದವನೇ ತೀರ್ಪು ಕೊಡುವವನಾದರೆ ಏನಾಗುತ್ತದೆ ಅಂತ ಆತ ಮೊದಲೇ ಬರೆದಿಟ್ಟಿದ್ದನಲ್ಲ! ಇದನ್ನು ಕವಿಯ ಸಾವು ಅಂತ ನೀವು ಕರೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅವನ ಕೈಯಲ್ಲಿ ಇದ್ದದ್ದಾದರೂ ಎಷ್ಟು? 1868ರಲ್ಲಿ ಹಂಗೇರಿಯ ಜೊತೆ ಆದ ಒಪ್ಪಂದದ ಪ್ರಕಾರ ಕ್ರೊಯೇಷಿಯಾಕ್ಕೆ ಸಿಕ್ಕಿದ್ದು ಆಡಳಿತ, ನ್ಯಾಯ, ಶಿಕ್ಷಣ ಮತ್ತು ಧರ್ಮದ ವಿಷಯಗಳು ಮಾತ್ರ. ದುಡ್ಡಿನ ಚೀಲದ ದಾರ ಹಂಗೇರಿಯವರ ಕೈಯಲ್ಲೇ ಇತ್ತು. ಇದ್ದಷ್ಟರಲ್ಲೇ 1874ರಲ್ಲಿ ಜಾಗ್ರೆಬ್‌ನಲ್ಲಿ ವಿಶ್ವವಿದ್ಯಾಲಯ ಶುರುವಾಯಿತು, ಅದೇ ವರ್ಷ ಮಕ್ಕಳ ಶಾಲೆ ಕಡ್ಡಾಯವಾಯಿತು. ಆ ಶಾಲಾ ಕಾನೂನಿಂದ ತಮ್ಮ ಚರ್ಚಿನ ಶಾಲೆಗಳಿಗೆ ಪೆಟ್ಟು ಬಿತ್ತು ಅಂತ ಅಲ್ಲಿನ ಸೆರ್ಬರು ಗೊಣಗಿದರು, ಅದೂ ನಿಜ. 1880ರಲ್ಲಿ, ಒಟ್ಟೋಮನ್ ಗಡಿಯುದ್ದಕ್ಕೂ ಸೈನ್ಯದ ಆಡಳಿತದಲ್ಲಿದ್ದ ‘ಸೈನಿಕ ಗಡಿ’ ಪ್ರದೇಶದ ವಿಷಯದಲ್ಲಿ ತಾನು ಹೇಳಿದ್ದು ನಡೆಯದಿದ್ದಾಗ ರಾಜೀನಾಮೆ ಕೊಟ್ಟು ಎದ್ದು ಹೋದ.

ನನಗೆ ಅವನ ಮೇಲೆ ಪ್ರೀತಿ ಬಂದದ್ದು ಇದ್ಯಾವುದರಿಂದಲೂ ಅಲ್ಲ, ಅವನ ಪದಗಳ ಕೆಲಸದಿಂದ, ಅದರಲ್ಲೂ ನಿಘಂಟಿನಿಂದ. ಇವಾನ್ ಗುಂಡುಲಿಚ್ ಎಂಬ ಹದಿನೇಳನೇ ಶತಮಾನದ ಕವಿಯ ‘ಒಸ್ಮಾನ್’ ಕಾವ್ಯದಲ್ಲಿ 14 ಮತ್ತು 15ನೇ ಸರ್ಗಗಳೇ ಇರಲಿಲ್ಲ. ಅವನ್ನು ಅದೇ ಧಾಟಿಯಲ್ಲಿ ಬರೆದು ತುಂಬಿಸಿದವನು ಇವನೇ, 1844ರಲ್ಲಿ ಅದು ಅಚ್ಚಾಯಿತು. ಅದಕ್ಕೂ ಮೊದಲು, 1842ರಲ್ಲಿ, ಯಾಕೊವ್ ಉಜಾರೆವಿಚ್ ಜೊತೆ ಕೂತು ಜರ್ಮನ್ ಪದಗಳಿಗೆ ತನ್ನ ಭಾಷೆಯ ಪದ ಹುಡುಕಿ, ಸಿಗದಿದ್ದರೆ ಕಟ್ಟಿ, ದೊಡ್ಡ ನಿಘಂಟು ತಂದ. ಐಸ್‌ಕ್ರೀಮಿಗೆ ‘ಸ್ಲಾದೊಲೆದ್’ ಎಂಬ ಪದ ಬಂದದ್ದು ಹೀಗೆ, ಸಿಹಿ ಮಂಜುಗಡ್ಡೆ ಅಂತ ಅರ್ಥ. ಲೆಕ್ಕಪತ್ರಕ್ಕೂ ಮಹಾನಗರಕ್ಕೂ ಹೀಗೇ ಹೊಸ ಪದಗಳು. ಆಮೇಲೆ ವಿಯೆನ್ನಾದಲ್ಲಿ ಕಾನೂನಿನ ಪದಗಳನ್ನು ಸ್ಲಾವ್ ಭಾಷೆಗಳಿಗೆ ತರುವ ಸಮಿತಿಯಲ್ಲೂ ದುಡಿದ. ಅವನ ಮುಖವಿದ್ದ ನೂರು ಕೂನಾದ (ಕೂನಾ ಅಂದರೆ ಕ್ರೊಯೇಷಿಯಾದ ಹಳೇ ದುಡ್ಡು) ನೋಟು 2023ರಲ್ಲಿ ಯೂರೋ ಬಂದ ಮೇಲೆ ಹೋಯಿತು. ಐಸ್‌ಕ್ರೀಮಿನ ಪದ ಎಲ್ಲಿಗೂ ಹೋಗಲಿಲ್ಲ.

ಈಗ ನನ್ನ ಹೊಟ್ಟೆಯುರಿ ಕೇಳಿ. ಹೋದ ತಿಂಗಳು ಒಂದು ಕಚೇರಿಯಿಂದ ನನಗೆ ನೋಟಿಸ್ ಬಂತು. ಅಚ್ಚ ಕನ್ನಡದ್ದೇ. ಮೂವತ್ತು ವರ್ಷದಿಂದ ಕನ್ನಡವನ್ನೇ ತಿದ್ದಿ ಹೊಟ್ಟೆ ಹೊರೆಯುವ ನಾನು ಅದನ್ನು ಮೂರು ಸಲ ಓದಿದೆ. ‘ಸದರಿಯವರು ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾದ ವಾಕ್ಯ ಅರ್ಧ ಪುಟ ಓಡಿ, ಕೊನೆಗೆ ‘ಕ್ರಮ ಜರುಗಿಸಲಾಗುವುದು’ ಅಂತ ಹೆದರಿಸಿ ನಿಂತಿತು. ಯಾರ ಮೇಲೆ ಕ್ರಮ, ಯಾಕೆ, ಒಂದೂ ಗೊತ್ತಾಗಲಿಲ್ಲ. ಕೌಂಟರಿನಲ್ಲಿ ಕೇಳಿದರೆ ಅಲ್ಲಿದ್ದವರಿಗೂ ಅರ್ಥ ಆಗಲಿಲ್ಲ, ಅವರೂ ಹಳೇದನ್ನೇ ನಕಲು ಮಾಡಿದ್ದರಂತೆ. ಕವಿಗಳು ಸರ್ಕಾರದ ಹತ್ತಿರ ಸುಳಿಯಬಾರದು ಅಂತ ನೀವು ಕಾವಲು ಕೂತಿದ್ದೀರಿ. ಸರಿ, ಆ ನೋಟಿಸನ್ನು ಮತ್ತೆ ಯಾರು ಬರೆಯಬೇಕು ಹೇಳಿ?

ಕೋಪ ಮಾಡ್ಕೋಬೇಡಿ. ಇಷ್ಟು ಗಮನವಿಟ್ಟು ಓದಿ ಜಗಳಕ್ಕೆ ಬರುವ ಓದುಗರು ನಮಗೆ ಜಾಸ್ತಿ ಜನ ಇಲ್ಲ. ಆ ನೋಟಿಸಿಗೆ ಉತ್ತರ ಕೊಡೋಕೆ ನನಗಿನ್ನು ನಾಲ್ಕು ದಿನ ಉಳಿದಿದೆ. ‘ಸದರಿಯವರು’ ಅಂದರೆ ನಾನೋ ಪಕ್ಕದ ಮನೆಯವರೋ ಅಂತ ನಿಮಗೇನಾದರೂ ಹೊಳೆದರೆ ಬೇಗ ಒಂದು ಸಾಲು ಬರೆದು ಹಾಕಿ.

— ಸಂಪಾದಕ