ಸುಮ್ನೆ ಬಿಟ್ಟರೆ ಹಾಳಾಗುವ ತೋಟ

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಪೇನ್ಸ್‌ಹಿಲ್ ಅನ್ನೋ ಹಳೇ ತೋಟ ತೋರಿಸ್ತೀನಿ ಅಂತಾಳೆ. ಫೋಟೋದಲ್ಲಿ ಕೆರೆ, ಗುಡ್ಡ, ಹುಲ್ಲು, ಮರ ಅಷ್ಟೇ ಕಾಣುತ್ತೆ. ಅದಕ್ಕೆ ವರ್ಷಗಟ್ಟಲೆ ಜೀರ್ಣೋದ್ಧಾರ ನಡೆಯಿತಂತೆ. ಕಾಡಿನಂಥ ಜಾಗದಲ್ಲಿ ರಿಪೇರಿ ಮಾಡೋಕೆ ಏನಿದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲಿ ತಾನಾಗಿ ಇದ್ದದ್ದು ಬಹಳ ಕಮ್ಮಿ, ಅದೇ ಅದರ ಮಜಾ. 1738ರಿಂದ ಸುಮಾರು 35 ವರ್ಷ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬಾತ ಅದನ್ನು ಕಟ್ಟಿದ. ಆ ಕೆರೆ ಪಕ್ಕದ ಮೋಲ್ ನದಿಗಿಂತ ಎತ್ತರದಲ್ಲಿದೆ, ಹಾಗಾಗಿ ಚಕ್ರ ಹಾಕಿ ನೀರು ಮೇಲೆತ್ತಬೇಕು. ಕಲ್ಲಿನ ಮಂಟಪದಂತೆ ಕಾಣುವ, ಹಳೇ ಯುರೋಪಿನ ಚರ್ಚುಗಳ ಶೈಲಿಯ ಗಾಥಿಕ್ ಗುಡಿ ಪೂರ್ತಿ ಮರದ್ದು. 'ಪಾಳುಬಿದ್ದ ಮಠ'ವನ್ನಂತೂ ಪಾಳಾಗಿಯೇ ಕಟ್ಟಿದ್ದು, ಇಟ್ಟಿಗೆಗೆ ಗಾರೆ ಬಳಿದು. ತೋಟದಲ್ಲಿ ವಾಸವಿರಲಿ ಅಂತ ಒಬ್ಬ ಸನ್ಯಾಸಿಯನ್ನೂ ಸಂಬಳಕ್ಕೆ ಇಟ್ಟಿದ್ದನಂತೆ, ಆತ ಮೂರೇ ವಾರಕ್ಕೆ ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದ ಅಂತ ಕಥೆ.

ಸಾಲ ಮಾಡಿ ತೋಟ ಮಾಡಿದ ಹ್ಯಾಮಿಲ್ಟನ್ 1773ರಲ್ಲಿ ಅದನ್ನು ಮಾರಬೇಕಾಯಿತು. ಆಮೇಲೂ ಒಡೆಯರು ಬದಲಾಗುತ್ತಾ ತೋಟ ಉಳಿಯಿತು. ಆದರೆ 1948ರಲ್ಲಿ ಜಾಗವನ್ನು ತುಂಡು ತುಂಡಾಗಿ ಮಾರಿದ ಮೇಲೆ ಕೇಳೋರಿಲ್ಲದೆ ಗಿಡಗಂಟಿ ಬೆಳೆದು ಎಲ್ಲ ಮುಚ್ಚಿಹೋಯಿತು. ಅಂದರೆ ನೀವು ಹೇಳುವ ಕಾಡು ಆಗ ನಿಜವಾಗಿ ಬಂತು, ತೋಟ ಹೋಯಿತು! 1980ರ ಹೊತ್ತಿಗೆ ಅಲ್ಲಿನ ಎಲ್ಮ್‌ಬ್ರಿಜ್ ಕೌನ್ಸಿಲ್ 158 ಎಕರೆ ಕೊಂಡುಕೊಂಡಿತು, ಮರುವರ್ಷ ತೋಟವನ್ನು ಮತ್ತೆ ಮೊದಲಿನಂತೆ ಮಾಡಲು ಒಂದು ಟ್ರಸ್ಟ್ ಹುಟ್ಟಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೋಟದೊಳಗಿನ ಗುಹೆಯ ಕೆಲಸ. ಅದೂ ಕೃತಕವೇ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಗೊಂಚಲುಗಳ ಒಳಗೆ ಇರೋದು ಮರದ ಚೌಕಟ್ಟು, ಅದರ ಮೇಲೆ ಗಾರೆ, ಗಾರೆಗೆ ಒಂದೊಂದಾಗಿ ಅಂಟಿಸಿದ ಕ್ಯಾಲ್ಸೈಟ್, ಜಿಪ್ಸಮ್, ಸ್ಫಟಿಕದ ಹರಳುಗಳು. ಚಾವಣಿ ಕುಸಿದುಬಿದ್ದಿತ್ತು. ಮತ್ತೆ ಅದೇ ರೀತಿ, ಲಕ್ಷಗಟ್ಟಲೆ ಹರಳುಗಳನ್ನು ಕೈಯಲ್ಲೇ ಕೂರಿಸಿ 2013ರಲ್ಲಿ ಮುಗಿಸಿದರು. ಪಾಳು ಮಠವನ್ನೂ ರಿಪೇರಿ ಮಾಡಿದರು, ಎಷ್ಟು ಮುರಿದಿರಬೇಕೋ ಅಷ್ಟೇ ಮುರಿದಿರುವಂತೆ. ಇದು ಸಲೀಸಾದ ಕೆಲಸ ಅಲ್ಲ, ಅಲ್ವಾ? ಪೂರ್ತಿ ಕಟ್ಟಿದರೆ ಸುಳ್ಳಾಗುತ್ತೆ, ಬಿಟ್ಟರೆ ನಿಜವಾಗಿಯೂ ಬಿದ್ದುಹೋಗುತ್ತೆ. ಗುಹೆ ಮುಗಿಯುವ ಮೊದಲೇ, ಅಲ್ಲಿಯವರೆಗಿನ ದುಡಿಮೆಗೆ 1998ರಲ್ಲೇ ಯುರೋಪಾ ನೋಸ್ಟ್ರಾ ಪದಕ (ಯುರೋಪಿನ ಪರಂಪರೆ ಸಂರಕ್ಷಣೆಗೆ ಕೊಡುವ ಗೌರವ) ಬಂದಿತ್ತು.

ಖಂಡಿತ ಹೋಗಿ ಬನ್ನಿ. ಲಂಡನ್ನಿನ ನೈರುತ್ಯಕ್ಕೆ, ಸರ್ರಿಯ ಕಾಬಮ್ ಊರಿನ ಪಕ್ಕದಲ್ಲಿದೆ. ಗುಹೆಯ ಬಾಗಿಲು ಎಲ್ಲ ಹೊತ್ತೂ ತೆರೆದಿರಲ್ಲ, ಸಮಯ ವಿಚಾರಿಸಿಕೊಂಡೇ ಟಿಕೆಟ್ ತೆಗೆಯಲು ಮಗಳಿಗೆ ಹೇಳಿ. ನಡೆಯೋದು ಜಾಸ್ತಿ ಇದೆ, ಒಳ್ಳೇ ಶೂ ಹಾಕಿಕೊಳ್ಳಿ.