ಏರು ಹತ್ತಿಸುವುದು ಟಾರ್ಕೋ, ಅಶ್ವಶಕ್ತಿಯೋ?

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿರುವ ನನ್ನ ಮಗ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸುವಂತೆ ಸಜ್ಜುಗೊಳಿಸಿದ ದೊಡ್ಡ ವಾಹನ) ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾನೆ. ನೋಡಿದ ಎರಡರಲ್ಲಿ ಫೋರ್ಡ್ 7.3 ಲೀಟರ್ ಪೆಟ್ರೋಲ್ ಎಂಜಿನ್ನಿನದು 350 ಅಶ್ವಶಕ್ತಿ, 634 ನ್ಯೂಟನ್‌ಮೀಟರ್ ಟಾರ್ಕ್ (ತಿರುಗಿಸುವ ಬಲ), ಕಮಿನ್ಸ್ 6.7 ಲೀಟರ್ ಡೀಸೆಲ್ಲಿನದು 360 ಅಶ್ವಶಕ್ತಿ, 1085 ನ್ಯೂಟನ್‌ಮೀಟರ್. ಬೆಟ್ಟದ ರಸ್ತೆಗೆ ಟಾರ್ಕ್ ಒಂದೇ ಮುಖ್ಯ, ಅಶ್ವಶಕ್ತಿ ಬರೀ ಜಾಹೀರಾತಿನ ಮಾತು ಎಂದು ಮಾರುವವರು ಹೇಳುತ್ತಾರಂತೆ. ನಿಜವೇ?
– ಓದುಗರು, ಧಾರವಾಡ

ಉತ್ತರ: ಅರ್ಧ ಮಾತ್ರ ನಿಜ. ಏರಿನಲ್ಲಿ ಬಂಡಿ ಎಷ್ಟು ವೇಗವಾಗಿ ಹತ್ತಬಲ್ಲದು ಎಂಬುದನ್ನು ತೀರ್ಮಾನಿಸುವುದು ಅಶ್ವಶಕ್ತಿಯೇ. ಎಂಜಿನ್ನಿನ ಟಾರ್ಕನ್ನು ಗೇರ್‌ಬಾಕ್ಸ್ ಹಲವು ಪಟ್ಟು ಹೆಚ್ಚಿಸಬಲ್ಲದು. ಶಕ್ತಿಯನ್ನು ಮಾತ್ರ ಯಾವ ಗೇರೂ ಹೆಚ್ಚಿಸಲಾರದು.

ಒಂದು ಲೆಕ್ಕ ನೋಡಿ. 16 ಟನ್ ತೂಕದ ಮೋಟರ್‌ಹೋಮ್ ನೂರಕ್ಕೆ ಆರರ ಏರನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ತೂಕವನ್ನು ಮೇಲೆತ್ತುವುದಕ್ಕೇ ಸುಮಾರು 280 ಅಶ್ವಶಕ್ತಿ ಬೇಕು. ಗೋಡೆಯಂಥ ಮುಂಭಾಗಕ್ಕೆ ಎದುರಾಗುವ ಗಾಳಿಯನ್ನೂ ಟೈರುಗಳ ಉರುಳು ಪ್ರತಿರೋಧವನ್ನೂ ಸೇರಿಸಿದರೆ ಚಕ್ರಗಳ ಬಳಿಯೇ 350ರಷ್ಟು ಬೇಕಾಗುತ್ತದೆ. ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ನಷ್ಟವಾಗುವ ಪಾಲನ್ನು ಕಳೆದರೆ 360 ಅಶ್ವಶಕ್ತಿಯ ಎಂಜಿನ್ ಆ ವೇಗವನ್ನು ಉಳಿಸಿಕೊಳ್ಳಲಾರದು. 70ರ ಆಸುಪಾಸಿಗೆ ಇಳಿಯುತ್ತದೆ. ಅದರ ಟಾರ್ಕ್ ಎಷ್ಟೆಂದು ಕೇಳುವ ಅಗತ್ಯವೇ ಈ ಲೆಕ್ಕದಲ್ಲಿ ಬರಲಿಲ್ಲ.

ಹಾಗಾದರೆ ಟಾರ್ಕ್ ತಿಳಿಸುವುದೇನನ್ನು? ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಆ ಶಕ್ತಿ ಕೈಗೆ ಸಿಗುತ್ತದೆ ಎಂಬುದನ್ನು. ನ್ಯೂಟನ್‌ಮೀಟರನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 7120ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಈ ಡೀಸೆಲ್ ಎಂಜಿನ್ ತನ್ನ ಗರಿಷ್ಠ ಟಾರ್ಕನ್ನು 1800 ಸುತ್ತುಗಳಲ್ಲೇ ಕೊಡುವುದರಿಂದ ಅಲ್ಲಿಯೇ 274 ಅಶ್ವಶಕ್ತಿ ದೊರೆಯುತ್ತದೆ. ಅಷ್ಟೇ ಸುತ್ತುಗಳಲ್ಲಿ ಪೆಟ್ರೋಲ್ ಎಂಜಿನ್ 160ನ್ನು ದಾಟಲಾರದು. ತನ್ನ ಪೂರ್ತಿ ಶಕ್ತಿಗಾಗಿ ಅದು 3900ರವರೆಗೆ ಏರಬೇಕು. ಚಾಲಕನ ಕಾಲ ಬಳಿಯಲ್ಲೇ ಎಂಜಿನ್ ಇರುವ ಪೆಟ್ರೋಲ್ ಬಂಡಿಗಳಲ್ಲಿ ಅರ್ಧ ಗಂಟೆ ಆ ಸದ್ದನ್ನು ಕೇಳುವುದು ಸುಖದ ಸಂಗತಿಯಲ್ಲ. ದೊಡ್ಡ ಡೀಸೆಲ್ ಬಂಡಿಗಳಲ್ಲಿ ಎಂಜಿನ್ ಹಿಂದಿರುತ್ತದೆ. ಜನ ಹೆಚ್ಚಿನ ಬೆಲೆ ಕೊಡಲು ಈ ನೆಮ್ಮದಿಯೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಕೊಲರಾಡೊದ ಮಟ್ಟಿಗೆ ಇನ್ನೊಂದು ವಿಷಯ ಇದಕ್ಕಿಂತ ತೂಕದ್ದು. ಅಂತರರಾಜ್ಯ ಹೆದ್ದಾರಿ 70ರಲ್ಲಿರುವ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3400 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬ ರೂಢಿಯ ಲೆಕ್ಕದಂತೆ, ನಿಮ್ಮ ಮಗ ನೋಡಿದ ಪೆಟ್ರೋಲ್ ಎಂಜಿನ್ನಿನ 350 ಅಶ್ವಶಕ್ತಿ ಅಲ್ಲಿ 240ರ ಹತ್ತಿರಕ್ಕೆ ಕುಸಿಯುತ್ತದೆ. ತೆಳುವಾದ ಗಾಳಿಯನ್ನು ಟರ್ಬೊ ಒತ್ತಿ ತುಂಬುವುದರಿಂದ ಡೀಸೆಲ್ ತನ್ನ ಶಕ್ತಿಯ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಕರಪತ್ರದಲ್ಲಿ ಹತ್ತೇ ಅಶ್ವಶಕ್ತಿಯಾಗಿದ್ದ ಅಂತರ ಬೆಟ್ಟದ ಮೇಲೆ ನೂರರ ಹತ್ತಿರಕ್ಕೆ ಬರುವುದು ಹೀಗೆ.

ಆದರೆ ಡೀಸೆಲ್ ಬಂಡಿ ಸಾಮಾನ್ಯವಾಗಿ ಭಾರವಾಗಿಯೂ ಇರುತ್ತದೆ. ಆದ್ದರಿಂದ ಎರಡು ಬಂಡಿಗಳನ್ನು ಹೋಲಿಸುವಾಗ ನೀರು, ಇಂಧನ, ಸಾಮಾನು, ಹಿಂದೆ ಕಟ್ಟಿ ಎಳೆಯುವ ಕಾರು ಎಲ್ಲವೂ ಸೇರಿ ಒಂದು ಟನ್ನಿಗೆ ಎಷ್ಟು ಅಶ್ವಶಕ್ತಿ ಬೀಳುತ್ತದೆಂದು ನೋಡಬೇಕು. ಕಾರನ್ನೂ ಎಳೆಯುವುದಾದರೆ ಕಮಿನ್ಸ್‌ನದೇ 8.9 ಲೀಟರಿನ, 450 ಅಶ್ವಶಕ್ತಿಯವರೆಗೆ ಸಿಗುವ ಎಂಜಿನ್ನೇ ಮೇಲು.

ಏರಿದ್ದನ್ನು ಇಳಿಯಲೂಬೇಕಲ್ಲ! ಉದ್ದನೆಯ ಇಳಿಜಾರಿನಲ್ಲಿ ಕಾಲಿನ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. 6.7 ಲೀಟರ್ ಎಂಜಿನ್ನಿನಲ್ಲಿ ಟರ್ಬೊ ಮೂಲಕ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ದೊಡ್ಡ ಎಂಜಿನ್ನುಗಳಲ್ಲಿ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಶ್ರಮದಿಂದಲೇ ವೇಗ ತಗ್ಗಿಸುವ, ಅದಕ್ಕಿಂತ ಬಲವಾದ ಕಂಪ್ರೆಶನ್ ಬ್ರೇಕ್ ದೊರೆಯುತ್ತದೆ. ಕೊಳ್ಳುವ ಮೊದಲು ಓಡಿಸಿ ನೋಡುವಾಗ ಇಳಿಜಾರೊಂದರಲ್ಲಿ ಈ ಎಂಜಿನ್ ಬ್ರೇಕನ್ನು ಹಾಕಿ, ಗೇರ್ ತಾನಾಗಿ ಕೆಳಗಿಳಿದು ಬಂಡಿಯ ವೇಗ ತಗ್ಗುತ್ತದೆಯೇ ಎಂದು ಪರೀಕ್ಷಿಸಲು ನಿಮ್ಮ ಮಗನಿಗೆ ತಿಳಿಸಿ.